ಮೊಟ್ಟಿ-ಮಾಂಸ ಮುಟ್ಟದ ಮನ್ಯಾಗ ಕೊಲೆಸ್ಟ್ರಾಲ್ 246. ಎಲ್ಲಿಂದ ಬಂತ್ರಿ ಇದು?

ಕಾರಟಗಿ ಲೆಕ್ಕಿಗ:

ಎಲ್ಲಾರಿಗೂ ನಮಸ್ಕಾರ್ರಿ. ಕಾರಟಗಿಯಾಗ ಒಂದು ರೈಸ್ ಮಿಲ್ಲಿನ ಲೆಕ್ಕ ಬರಿಯಾಂವ ನಾನು. ವಯಸ್ಸು 41. ನಮ್ಮದು ಲಿಂಗಾಯತರ ಮನಿ, ಅಜ್ಜನ ಕಾಲದಿಂದ ನಮ್ಮ ಒಲಿ ಮ್ಯಾಲ ಮೊಟ್ಟಿ ಸುದ್ದಾ ಏರಿಲ್ಲ. ಮೊನ್ನೆ ಗಂಗಾವತಿಗೆ ಹೋದಾಗ ತಮ್ಮ ಜುಲುಮಿ ಮಾಡಿ ರಕ್ತ ಕೊಡಿಸಿದ. ರಿಪೋರ್ಟ್ ನೋಡಿದ್ರ ಒಟ್ಟು ಕೊಲೆಸ್ಟ್ರಾಲ್ 246, ಟ್ರೈಗ್ಲಿಸರೈಡ್ 210, ಎಚ್‌ಡಿಎಲ್ 36, ಎಲ್‌ಡಿಎಲ್ 168, ವಿಎಲ್‌ಡಿಎಲ್ 42. ನಾಲ್ಕರ ಮುಂದ ದಪ್ಪ ಅಕ್ಷರದಾಗ 'ಹೈ', ಒಂದರ ಮುಂದ 'ಲೋ'. ಖಾಲಿ ಹೊಟ್ಟಿ ಶುಗರ್ 106.

ಡಾಕ್ಟ್ರು ಕೊಲೆಸ್ಟ್ರಾಲ್ ಇಳಿಸೋ ಮಾತ್ರಿ, ಅಟೊರ್ವಾಸ್ಟಾಟಿನ್ 10 ಬರದಾರ. ಚೀಟಿ ಕಿಸೆದಾಗೇ ಐತಿ, ಇನ್ನೂ ತಗೊಂಡಿಲ್ಲ. ಹಿಂದ ಮಂದಿ ನಿಂತಿದ್ರು, ಜಾಸ್ತಿ ಕೇಳಾಕ ಆಗ್ಲಿಲ್ಲ, ಅದಕ್ಕ ಇಲ್ಲಿ ಕೇಳಾಕತ್ತೀನಿ. ಮಾಂಸ ತಿನ್ನದಾಂವಗ ಇದು ಎಲ್ಲಿಂದ ಬಂತು? ಮನ್ಯಾಗ 'ಕೊಲೆಸ್ಟ್ರಾಲ್ ಇಲ್ಲ' ಅಂತ ಬರದಿದ್ದ ಎಣ್ಣಿ ಪಾಕೀಟೇ ತರ್ತೀವಿ, ಅದು ಸುಳ್ಳೇನು? ಮಾತ್ರಿ ಒಮ್ಮೆ ಚಾಲೂ ಮಾಡಿದ್ರ ಸಾಯೋತನಾ ಬಿಡಂಗಿಲ್ಲ ಅಂತಾರ, ಖರೇನಾ?

ಅಪ್ಪಗ 49ಕ್ಕ ಹಾರ್ಟ್ ಅಟ್ಯಾಕ್ ಆಗಿತ್ತು. ಅದಕ್ಕ ಹೆದರಿಕಿ. ಇಲ್ಲಾಂದ್ರ ಇಷ್ಟು ಉದ್ದ ಬರೀತಿರಲಿಲ್ಲ.


ಗಾಣದೆಣ್ಣೆ:

ಅಣ್ಣಾ, ಮೊದಲು ಆ ಚೀಟಿ ಹರಿದು ಒಗಿ. ಕೊಲೆಸ್ಟ್ರಾಲ್ ಅನ್ನೋದೇ ಔಷಧಿ ಕಂಪನಿಯವರ ಆಟ. ಮೆದುಳು ತುಂಬಾ ಇರೋದೇ ಕೊಲೆಸ್ಟ್ರಾಲ್, ಅದನ್ನ ಇಳಿಸಿದ್ರ ಮರೆವು ಬರ್ತೈತಿ. ಗಾಣದ ಶೇಂಗಾ ಎಣ್ಣಿ ತಗೋ, ಮುಂಜಾನೆ ಎರಡು ಎಸಳು ಹಸಿ ಬೆಳ್ಳುಳ್ಳಿ ನುಂಗು. ನಮ್ಮ ಮುತ್ತ್ಯಾ ತುಪ್ಪ ಕುಡದು 90 ವರ್ಷ ಬಾಳಿದ, ಯಾವ ರಿಪೋರ್ಟೂ ಇರಲಿಲ್ಲ.


ಸೀರಮಕ್ಕ:

ಬಳ್ಳಾರಿಯಲ್ಲಿ ಲ್ಯಾಬ್ ಟೆಕ್ನಿಷಿಯನ್ ಆಗಿದ್ದು ನಿವೃತ್ತಿ ಆದವಳು ನಾನು. ಡಾಕ್ಟರ್ ಅಲ್ಲ, ಮಾತ್ರೆ ಕೊಡೋದು ಬಿಡೋದು ನನ್ನ ಕೆಲಸವೂ ಅಲ್ಲ, ಮುತ್ತ್ಯಾನ ಮೊಮ್ಮಗನ ಕೆಲಸವೂ ಅಲ್ಲ. ಆದರೆ ನಿಮ್ಮ ಕಿಸೆಯಲ್ಲಿರೋ ರಿಪೋರ್ಟ್ ಹೇಗೆ ಹುಟ್ಟುತ್ತೆ ಅನ್ನೋದರ ಮೇಲೆ ನಮ್ಮ ಮನೆ ನಡೆದಿದೆ. ಅಷ್ಟನ್ನ ಹೇಳ್ತೀನಿ.

ಎಲ್ಲಿಂದ ಬಂತು ಅಂದ್ರಲ್ಲ, ನಿಮ್ಮ ಮೈಯೇ ಮಾಡಿಕೊಂಡಿದ್ದು. ಮೈಯಲ್ಲಿರೋ ಕೊಲೆಸ್ಟ್ರಾಲ್‌ನಲ್ಲಿ ಸುಮಾರು ಮುಕ್ಕಾಲು ಪಾಲು ಒಳಗೇ ತಯಾರಾಗುತ್ತೆ, ಅದರಲ್ಲಿ ಲಿವರ್‌ನ ಪಾಲು ದೊಡ್ಡದು. ಊಟದಿಂದ ಬರೋದು ಉಳಿದ ಕಾಲು ಭಾಗ. ಅದರಲ್ಲೂ ನೀವು ಸೊನ್ನೆ ಏನಲ್ಲ: ಹಾಲು, ಕೆನೆ ಮೊಸರು, ತುಪ್ಪ ಎಲ್ಲದರಲ್ಲೂ ಇದೆ. ಮೊಟ್ಟೆಯ ಹಳದಿಯಲ್ಲಿ 185 ಮಿಲಿಗ್ರಾಂ ಆಸುಪಾಸು ಇದ್ದರೆ ಒಂದು ದೊಡ್ಡ ಚಮಚ ತುಪ್ಪದಲ್ಲಿ 30 ಚಿಲ್ಲರೆ. ಹೋಳಿಗೆ ದಿನ ಎಷ್ಟು ಚಮಚ ಅಂತ ನಿಮ್ಮ ಮನೆಯವರನ್ನ ಕೇಳ್ರಿ.

ಮೈ ಯಾಕೆ ಮಾಡುತ್ತೆ ಅಂದ್ರೆ ಅದಿಲ್ಲದೆ ನಡೆಯಲ್ಲ. ಪ್ರತಿ ಜೀವಕೋಶದ ಪೊರೆಯಲ್ಲಿ ಅದು ಬೇಕು. ಎಣ್ಣೆ ಪದಾರ್ಥ ಜೀರ್ಣ ಆಗೋಕೆ ಲಿವರ್ ಬಿಡೋ ಪಿತ್ತರಸದ ಆಮ್ಲಗಳು ಅದರಿಂದಲೇ ಆಗೋದು. ಗಂಡಸರ ಟೆಸ್ಟೊಸ್ಟೆರಾನ್, ಹೆಂಗಸರ ಈಸ್ಟ್ರೊಜೆನ್, ಕಾರ್ಟಿಸಾಲ್, ಈ ಹಾರ್ಮೋನುಗಳಿಗೆಲ್ಲ ಮೂಲ ಅದೇ. ಬಿಸಿಲಿಗೆ ಚರ್ಮದಲ್ಲಿ ವಿಟಮಿನ್ ಡಿ ಆಗುತ್ತಲ್ಲ, ಅದೂ ಕೊಲೆಸ್ಟ್ರಾಲ್ ಆಗೋಕೆ ಒಂದು ಹೆಜ್ಜೆ ಹಿಂದಿನ ವಸ್ತುವಿನಿಂದಲೇ. ನಮ್ಮ ಕಡೆ ಬಿಸಿಲಿಗಂತೂ ಬರ ಇಲ್ಲ.

ಒಳ್ಳೆ ಕೊಲೆಸ್ಟ್ರಾಲ್, ಕೆಟ್ಟ ಕೊಲೆಸ್ಟ್ರಾಲ್ ಅಂತ ಎರಡು ಜಾತಿ ಇಲ್ಲ. ವಸ್ತು ಒಂದೇ. ಅದು ನೀರಲ್ಲಿ ಕರಗಲ್ಲ, ಹಾಗಾಗಿ ರಕ್ತದಲ್ಲಿ ಓಡಾಡೋಕೆ ಪ್ರೋಟೀನ್ ಹೊದಿಕೆಯ ಪುಟ್ಟ ಉಂಡೆಗಳಲ್ಲಿ ಹೋಗುತ್ತೆ. ಲಿವರ್‌ನಿಂದ ಹೊರಟ ಸರಕನ್ನ ಮೈಗೆಲ್ಲ ಮುಟ್ಟಿಸೋ ಉಂಡೆ ಎಲ್‌ಡಿಎಲ್, ಮಿಕ್ಕಿದ್ದನ್ನ ಲಿವರ್‌ಗೆ ವಾಪಸ್ ತರೋದು ಎಚ್‌ಡಿಎಲ್. ಎಲ್‌ಡಿಎಲ್ ಜಾಸ್ತಿ ಹೊತ್ತು ರಕ್ತದಲ್ಲಿ ಸುತ್ತಾಡಿದರೆ ತೊಂದರೆ. ರಕ್ತನಾಳದ ಒಳಮೈಗೆ ಮೆತ್ತಿಕೊಳ್ಳುತ್ತೆ ಅಂತ ಜನ ತಿಳಿದಿರ್ತಾರೆ, ಹಾಗಲ್ಲ. ನಾಳದ ಗೋಡೆಯ ಒಳಗೇ ನುಸುಳಿ ಸಿಕ್ಕಿಕೊಳ್ಳುತ್ತೆ. ಅದನ್ನ ನುಂಗೋಕೆ ಬಿಳಿ ರಕ್ತಕಣ ಬರ್ತವೆ, ನುಂಗಿ ಅಲ್ಲೇ ಉಳೀತವೆ, ವರ್ಷಗಟ್ಟಲೆ ಗಂಟು ಬೆಳೆಯುತ್ತೆ. ಒಂದು ದಿನ ಗಂಟಿನ ಮೇಲ್ಪದರ ಬಿರಿದು ಅಲ್ಲಿ ರಕ್ತ ಹೆಪ್ಪುಗಟ್ಟಿದರೆ ಅದೇ ಹಾರ್ಟ್ ಅಟ್ಯಾಕ್. ಅಲ್ಲೀತನಕ ನೋವಿಲ್ಲ, ಸುಸ್ತಿಲ್ಲ, ಏನೂ ಇಲ್ಲ.

ಈಗ ನಿಮ್ಮ ಊರಿನ ಲೆಕ್ಕದಲ್ಲಿ ಹೇಳ್ತೀನಿ. ಸುಗ್ಗಿಯಲ್ಲಿ ಕಾರಟಗಿ ರಸ್ತೆ ತುಂಬಾ ಭತ್ತದ ಲಾರಿ ನಿಂತಿರ್ತಾವಲ್ಲ, ಯಾವಾಗಲೂ ಬೆಳೆ ಜಾಸ್ತಿ ಬಂತು ಅಂತಲೇ ಅಲ್ಲ, ಮಿಲ್ಲಿನಲ್ಲಿ ಲೋಡು ಇಳಿಸೋದು ನಿಧಾನ ಆದರೂ ನಿಲ್ತಾವೆ. ಲಿವರ್ ಮೇಲೆ ಎಲ್‌ಡಿಎಲ್ ಇಳಿಸಿಕೊಳ್ಳೋ ಗೇಟುಗಳಿವೆ, ಅವಕ್ಕೆ ರಿಸೆಪ್ಟರ್ ಅಂತಾರೆ. ಗೇಟು ಕಮ್ಮಿ ಆದರೆ ಲಾರಿ ರಸ್ತೆಯಲ್ಲೇ. ಈ ಗೇಟು ಕಂಡುಹಿಡಿದದ್ದಕ್ಕೇ ಬ್ರೌನ್ ಮತ್ತು ಗೋಲ್ಡ್‌ಸ್ಟೀನ್ ಅನ್ನೋ ಇಬ್ಬರಿಗೆ 1985ರಲ್ಲಿ ನೊಬೆಲ್ ಬಂತು. ಕೆಲವರಿಗೆ ಹುಟ್ಟಿನಿಂದಲೇ ಗೇಟು ಕಮ್ಮಿ. ಥೈರಾಯ್ಡ್ ನಿಧಾನ ಆದರೂ ಕಮ್ಮಿ ಆಗುತ್ತೆ. ಊಟದಲ್ಲಿ ಸ್ಯಾಚುರೇಟೆಡ್ ಕೊಬ್ಬು (ತುಪ್ಪ, ಪಾಮ್ ಎಣ್ಣೆಯಲ್ಲಿ ಹೆಚ್ಚಿರೋ ಥರದ್ದು) ಜಾಸ್ತಿ ಆದರೂ ಅಷ್ಟೇ.

ಎಣ್ಣೆ ಪಾಕೀಟಿನ ಜಾಣತನ ಇಲ್ಲೇ ಇರೋದು. 'ಕೊಲೆಸ್ಟ್ರಾಲ್ ಇಲ್ಲ' ಅನ್ನೋದು ಸುಳ್ಳಲ್ಲ. ಯಾವ ಗಿಡದ ಎಣ್ಣೆಯಲ್ಲೂ ಲೆಕ್ಕಕ್ಕೆ ಸಿಗೋಷ್ಟು ಕೊಲೆಸ್ಟ್ರಾಲ್ ಇರಲ್ಲ, ಶೇಂಗಾ ಇರಲಿ, ಸೂರ್ಯಕಾಂತಿ ಇರಲಿ, ಪಾಮ್ ಇರಲಿ. ಪಾಕೀಟಿನ ಹಿಂದೆ ಸಣ್ಣ ಅಕ್ಷರದಲ್ಲಿ ಸ್ಯಾಚುರೇಟೆಡ್ ಕೊಬ್ಬು ಎಷ್ಟು ಅಂತ ಇರುತ್ತೆ, ಅದನ್ನ ಓದ್ರಿ. ಪಾಮ್ ಎಣ್ಣೆಯಲ್ಲಿ ಹತ್ತಿರಹತ್ತಿರ ಅರ್ಧ. ಶೇಂಗಾದಲ್ಲಿ ಐದನೇ ಒಂದಕ್ಕಿಂತ ಕಮ್ಮಿ. ಸೂರ್ಯಕಾಂತಿಯಲ್ಲಿ ಹತ್ತನೇ ಒಂದರ ಆಸುಪಾಸು. ತುಪ್ಪದಲ್ಲಿ ಅರ್ಧಕ್ಕಿಂತ ಜಾಸ್ತಿ.

ಇನ್ನು ರಿಪೋರ್ಟ್. ನಿಮ್ಮ ಎಲ್‌ಡಿಎಲ್ 168 ಅನ್ನೋದನ್ನ ಯಂತ್ರ ಅಳೆದಿಲ್ಲ ಅಂತ ನನ್ನ ಅಂದಾಜು. ನೀವೇ ಲೆಕ್ಕದವರು, ಮಾಡಿ ನೋಡ್ರಿ: ಟ್ರೈಗ್ಲಿಸರೈಡ್ 210ನ್ನ 5ರಿಂದ ಭಾಗಿಸಿದರೆ 42, ಅದೇ ನಿಮ್ಮ ವಿಎಲ್‌ಡಿಎಲ್ (ಲಿವರ್ ಕೊಬ್ಬು ತುಂಬಿ ಹೊರಗೆ ಕಳಿಸೋ ಉಂಡೆ). 246ರಲ್ಲಿ 36 ಕಳೆದು, 42 ಕಳೆದರೆ 168. ಇದು 1972ರ ಫ್ರೀಡ್‌ವಾಲ್ಡ್ ಸೂತ್ರ, ಇವತ್ತಿಗೂ ಎಷ್ಟೋ ಲ್ಯಾಬ್‌ಗಳಲ್ಲಿ ನಡೆಯೋದು ಇದೇ. ಟ್ರೈಗ್ಲಿಸರೈಡ್ 400 ದಾಟಿದರೆ ಸೂತ್ರ ಕೆಲಸಕ್ಕೆ ಬರಲ್ಲ, ಆಗ ನೇರವಾಗಿ ಅಳೀಬೇಕು. ನಿಮ್ಮದು 210, ಹಾಗಾಗಿ ನಂಬಬಹುದು. ಅಂದ ಹಾಗೆ, ವಿಎಲ್‌ಡಿಎಲ್ ಮುಂದಿನ 'ಹೈ' ನೋಡಿ ಬೇರೆ ಹೆದರಬೇಡ್ರಿ, ಅದು 210ರ 'ಹೈ'ಯೇ ಇನ್ನೊಂದು ಸಲ ಅಚ್ಚಾಗಿರೋದು.


ಕಾರಟಗಿ ಲೆಕ್ಕಿಗ:

ಅಕ್ಕಾರ, ಲೆಕ್ಕ ಮಾಡಿ ನೋಡಿದೆ, ಪಕ್ಕಾ ಬಂತು! ಮಿಲ್ಲಿನಾಗ ನಮ್ಮ ಸಾಹುಕಾರಗೂ ತೋರಿಸಿದೆ, ಅವರ ಹಳೇ ರಿಪೋರ್ಟಿಗೂ ಕೂಡಿ ಬಂತು. ಆದ್ರ ಈ ಟ್ರೈಗ್ಲಿಸರೈಡ್ ಅಂದ್ರೇನ್ರಿ? ಅದೂ ಕೊಲೆಸ್ಟ್ರಾಲ್ ಏನು? ಮತ್ತ ನಾ ಎಣ್ಣಿ ಜಾಸ್ತಿ ತಿನ್ನಂಗಿಲ್ರಿ. ಮುಂಜಾನೆ ಒಗ್ಗರಣಿ ಜೋಡಿ ನಾಕು ಮಿರ್ಚಿ, ಮಧ್ಯಾಹ್ನ ರಾತ್ರಿ ಅನ್ನ ಸಾರು, ಅಷ್ಟ. ಮಿಲ್ಲಿನಾಗ ಚಹಾ ಮಾತ್ರ ಆಗಾಗ.


ಸೀರಮಕ್ಕ:

ಎಣ್ಣೆ ಜಾಸ್ತಿ ತಿನ್ನಲ್ಲ, ನಾಕು ಮಿರ್ಚಿ ಅಷ್ಟೇ! ಬಳ್ಳಾರಿಯವಳ ಮುಂದೆ ಹೇಳ್ತೀರಲ್ರಿ.

ಟ್ರೈಗ್ಲಿಸರೈಡ್ ಕೊಲೆಸ್ಟ್ರಾಲ್ ಅಲ್ಲ. ಅದು ಕೊಬ್ಬು, ಮೈ ಕೂಡಿಡೋ ಉರುವಲು. ಉಂಡ ಅನ್ನ, ಸಕ್ಕರೆ, ಮೈದಾ ಖರ್ಚಾಗದೆ ಮಿಕ್ಕಿದರೆ ಲಿವರ್ ಅದನ್ನ ಕೊಬ್ಬು ಮಾಡಿ ವಿಎಲ್‌ಡಿಎಲ್‌ನಲ್ಲಿ ತುಂಬಿ ಹೊರಗೆ ಕಳಿಸುತ್ತೆ. ಕುಡಿಯೋ ಅಭ್ಯಾಸ ಇದ್ದರೆ ಇನ್ನೂ ಏರುತ್ತೆ. ಹಂಗಾಗಿ ನಿಮ್ಮ 210ಕ್ಕೆ ಮಿರ್ಚಿಗಿಂತ ಎರಡು ಹೊತ್ತಿನ ಅನ್ನ ಮತ್ತು ಆ 'ಆಗಾಗ'ದ ಚಹಾದ ಸಕ್ಕರೆ ಮೇಲೆ ನನಗೆ ಗುಮಾನಿ. ಟ್ರೈಗ್ಲಿಸರೈಡ್ ಜಾಸ್ತಿ, ಎಚ್‌ಡಿಎಲ್ ಕಮ್ಮಿ, ಶುಗರ್ 100ರ ಮೇಲೆ: ಈ ಮೂರು ಒಟ್ಟಿಗೆ ಬಂದ ರಿಪೋರ್ಟ್ ನಮ್ಮ ಜನರಲ್ಲಿ ಬಹಳ. ಹೊಟ್ಟೆ ಮುಂದೆ ಬಂದಿದ್ದರೆ ಅದೂ ಇದೇ ಗುಂಪಿಗೆ ಸೇರಿದ್ದು.

ಒಂದು ಕಣ್ಣಾರೆ ಕಂಡದ್ದು ಹೇಳ್ತೀನಿ. ರಕ್ತ ತೆಗೆದ ಟ್ಯೂಬನ್ನ ಸೆಂಟ್ರಿಫ್ಯೂಜ್‌ನಲ್ಲಿ ಗರಗರ ತಿರುಗಿಸಿದರೆ ಕೆಂಪು ಕೆಳಗೆ ಕೂತು ಮೇಲೆ ಸೀರಮ್ ನಿಲ್ಲುತ್ತೆ. ಸಾಮಾನ್ಯವಾಗಿ ತಿಳಿ ಹಳದಿ, ಆಚೆ ಬದಿ ಹಿಡಿದ ಪೆನ್ನು ಕಾಣೋಷ್ಟು ತಿಳಿ. ಟ್ರೈಗ್ಲಿಸರೈಡ್ ಬಹಳ ಏರಿದವರ ಸೀರಮ್ ಬೆಳ್ಳಗೆ, ಪೆನ್ನೇ ಕಾಣಲ್ಲ. ಅಂಥ ಟ್ಯೂಬನ್ನ ರಾತ್ರಿಯಿಡೀ ಫ್ರಿಜ್‌ನಲ್ಲಿಟ್ಟರೆ ಬೆಳಿಗ್ಗೆ ಕೆಲವರದ್ದರಲ್ಲಿ ಮೇಲೆ ಕೆನೆ ಕಟ್ಟಿರುತ್ತೆ. ಹೊಸದಾಗಿ ಕೆಲಸಕ್ಕೆ ಬಂದ ಹುಡುಗರು ಅದನ್ನ ನೋಡಿ "ಅಬ್ಬಾ, ಎಷ್ಟು ಕೊಲೆಸ್ಟ್ರಾಲ್" ಅಂತಿದ್ರು. ಕೊಲೆಸ್ಟ್ರಾಲ್ ಹಾಗೆ ಕಾಣಲ್ಲ. ಎಲ್‌ಡಿಎಲ್ ಉಂಡೆ ಎಷ್ಟು ಸಣ್ಣದು ಅಂದ್ರೆ ಬೆಳಕನ್ನ ತಡೆಯೋದೇ ಇಲ್ಲ. ಎಲ್‌ಡಿಎಲ್ 250 ಇದ್ದರೂ ಟ್ರೈಗ್ಲಿಸರೈಡ್ ಸರಿಯಿದ್ದರೆ ಸೀರಮ್ ತಿಳಿಯಾಗೇ ಇರುತ್ತೆ. ಟ್ಯೂಬ್ ನೋಡಿ ಹೇಳೋಕಾಗಲ್ಲ, ಮುಖ ನೋಡಿಯೂ ಹೇಳೋಕಾಗಲ್ಲ. ಬಡಕಲು ಮೈಯವರ ಎಲ್‌ಡಿಎಲ್ ಏರಿದ್ದನ್ನೂ ನೋಡಿದೀನಿ, ದಪ್ಪಗಿದ್ದವರದ್ದು ಸರಿಯಿದ್ದದ್ದನ್ನೂ ನೋಡಿದೀನಿ.

ಮಿರ್ಚಿ ಬಗ್ಗೆ ನನ್ನ ತಕರಾರು ಕಡಲೆಹಿಟ್ಟಿನ ಮೇಲೂ ಅಲ್ಲ, ಮೆಣಸಿನಕಾಯಿ ಮೇಲೂ ಅಲ್ಲ, ಬಾಣಲೆ ಮೇಲೆ. ಕಪ್ಪಾಗಿ, ನೊರೆ ಬಂದು, ಘಾಟು ಹೊಡೆಯೋ ಎಣ್ಣೆಯಲ್ಲಿ ಕರೀತಿದ್ದರೆ ಆ ಬಂಡಿ ಬಿಡ್ರಿ. ಕರಿದು ಕರಿದು ಕೆಟ್ಟ ಎಣ್ಣೆಗೆ ಸರ್ಕಾರದ ಮಿತಿಯೇ ಇದೆ: ಪೋಲಾರ್ ಕಾಂಪೌಂಡ್ (ಎಣ್ಣೆ ಕಾದು ಕೆಟ್ಟಾಗ ಹುಟ್ಟೋ ವಸ್ತು) ಶೇ 25 ದಾಟಿದರೆ ಅಡುಗೆಗೆ ಬಳಸೋ ಹಾಗಿಲ್ಲ ಅಂತ 2018ರಿಂದ ನಿಯಮ. ಬಂಡಿ ಮುಂದೆ ನಿಂತು ಅದನ್ನ ಅಳೆಯೋರು ಯಾರು ಅನ್ನೋದು ಬೇರೆ ಮಾತು. ಡಾಲ್ಡಾ ಕಾಲದ ಟ್ರಾನ್ಸ್ ಕೊಬ್ಬು ಎಲ್‌ಡಿಎಲ್ ಏರಿಸಿ ಎಚ್‌ಡಿಎಲ್ ಇಳಿಸೋ ಎರಡಲಗಿನ ಪಿಡುಗು. ಎಣ್ಣೆ-ವನಸ್ಪತಿಯಲ್ಲಿ ಅದು ಶೇ 2 ಮೀರಬಾರದು ಅಂತ 2022ರಿಂದ ಮಾಡಿದ್ದಾರೆ, ಒಳ್ಳೆಯದಾಯ್ತು.

ಗಾಣದೆಣ್ಣೆಯವರಿಗೆ ಎರಡು ಮಾತು. ಮೆದುಳಿನಲ್ಲಿ ಮೈಯ ಕೊಲೆಸ್ಟ್ರಾಲ್‌ನ ಸುಮಾರು ಐದನೇ ಒಂದು ಭಾಗ ಇದೆ, ಅದು ನಿಜ. ಆದರೆ ಮೆದುಳು ತನ್ನದನ್ನ ತಾನೇ ಮಾಡಿಕೊಳ್ಳುತ್ತೆ. ರಕ್ತದ ಎಲ್‌ಡಿಎಲ್ ಅಲ್ಲಿಗೆ ದಾಟೋದೇ ಇಲ್ಲ. ಗಾಣದ ಶೇಂಗಾ ಎಣ್ಣೆ ನಾನೂ ತಿಂತೀನಿ, ವಾಸನೆಗೆ. ಗಾಣದಲ್ಲಿ ಹಿಂಡಿದರೂ ಮಿಲ್ಲಿನಲ್ಲಿ ಹಿಂಡಿದರೂ ಶೇಂಗಾದ ಕೊಬ್ಬಿನ ಲೆಕ್ಕ ಬದಲಾಗಲ್ಲ. ಒಬ್ಬರಿಗೆ ತಿಂಗಳಿಗೆ ಅರ್ಧ ಲೀಟರ್ ದಾಟದಿದ್ದರೆ ಸಾಕು. ಇನ್ನು ಮುತ್ತ್ಯಾ ತುಪ್ಪದ ಜೊತೆಗೆ ದಿನಾ ಎಷ್ಟು ಮೈಲಿ ನಡೀತಿದ್ರು, ಅದನ್ನೂ ಬರೀರಿ.


ಸಿಂಧನೂರು ಮೇಷ್ಟ್ರು:

ಮಾತ್ರೆ ವಿಚಾರಕ್ಕೆ ನನ್ನ ಅನುಭವ ಸೇರಿಸುತ್ತೇನೆ. ಕೆಲವು ವರ್ಷಗಳಿಂದ ಸ್ಟಾಟಿನ್ (ನಿಮಗೆ ಬರೆದ ಅಟೊರ್ವಾಸ್ಟಾಟಿನ್ ಕೂಡ ಇದೇ ಗುಂಪಿನದು) ತೆಗೆದುಕೊಳ್ಳುತ್ತಿದ್ದೇನೆ. ಶುರುವಿನಲ್ಲಿ ತೊಡೆಯ ಸ್ನಾಯು ಹಿಡಿದುಕೊಂಡು ತರಗತಿಯಲ್ಲಿ ನಿಂತು ಪಾಠ ಮಾಡುವುದೇ ಕಷ್ಟವಾಯಿತು. ಡಾಕ್ಟರಿಗೆ ಹೇಳಿದಾಗ ಸ್ನಾಯುವಿನ ಸಿಕೆ ಪರೀಕ್ಷೆ, ಜೊತೆಗೆ ಥೈರಾಯ್ಡಿನ ಟಿಎಸ್‌ಎಚ್ ಮಾಡಿಸಿದರು. ನೋಡಿದರೆ ಥೈರಾಯ್ಡ್ ನಿಧಾನವಾಗಿತ್ತು. ಅದು ಕೊಲೆಸ್ಟ್ರಾಲನ್ನೂ ಏರಿಸುತ್ತದೆ, ಸ್ಟಾಟಿನ್‌ಗೆ ಸ್ನಾಯು ನೋಯುವ ಸಂಭವವನ್ನೂ ಹೆಚ್ಚಿಸುತ್ತದೆ ಎಂದರು. ಥೈರಾಯ್ಡಿಗೆ ಮಾತ್ರೆ ಶುರುವಾದ ಮೇಲೆ ನೋವು ಹೋಯಿತು, ಸ್ಟಾಟಿನ್ ಸಣ್ಣ ಡೋಸಿಗೇ ಸಾಕಾಯಿತು. ನಿಮ್ಮ ರಿಪೋರ್ಟಿನಲ್ಲಿ ಟಿಎಸ್‌ಎಚ್ ಕಾಣಲಿಲ್ಲ. ಕೇಳಿ ಮಾಡಿಸಿ.

ಜನೌಷಧಿ ಕೇಂದ್ರದಲ್ಲಿ ಅಟೊರ್ವಾಸ್ಟಾಟಿನ್ ಬಹಳ ಅಗ್ಗ. ಖರ್ಚಿನ ಭಯದಿಂದ ಬಿಡಬೇಡಿ.

ಇನ್ನೊಂದು ಮಾತು, ನಿಮ್ಮ ತಂದೆಯವರ ವಿಷಯ ಓದಿ ಬರೆಯುತ್ತಿದ್ದೇನೆ. ಎದೆನೋವು ಬಂದಾಗ ಗ್ಯಾಸ್ ಎಂದು ಸೋಡಾ ಕುಡಿದು ಕಾಯುವ ಚಾಳಿ ನಮ್ಮ ಕಡೆ ಇನ್ನೂ ಹೋಗಿಲ್ಲ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡುವ ವ್ಯವಸ್ಥೆ ಮಾಡಿದ್ದಾರೆ. ಯಾವ ಆಸ್ಪತ್ರೆ ಹತ್ತಿರ ಎಂದು ಮನೆಯವರಿಗೆ ಮೊದಲೇ ಗೊತ್ತಿರಲಿ.


ಗಾಣದೆಣ್ಣೆ:

ಮುತ್ತ್ಯಾ ಹೊಲಕ್ಕ ನಡಕೊಂತನ ಹೋಗ್ತಿದ್ದ, ಒಪ್ಪಿದೆ ಅಕ್ಕಾರ. ಆದ್ರೂ ಮಾತ್ರಿ ಕೆಮಿಕಲ್ ಅಲ್ಲೇನು?


ಸೀರಮಕ್ಕ:

ಕೆಮಿಕಲ್ಲೇ. ಅದು ಸಿಕ್ಕಿದ್ದು ಎಲ್ಲಿಂದ ಅಂತ ಕೇಳ್ರಿ, ಕಾರಟಗಿಯವರಿಗೆ ಖುಷಿ ಆಗುತ್ತೆ. ಜಪಾನಿನ ಅಕಿರಾ ಎಂಡೊ ಅನ್ನೋ ವಿಜ್ಞಾನಿ ಸಾವಿರಾರು ಬೂಷ್ಟುಗಳನ್ನ ಒಂದೊಂದಾಗಿ ಜರಡಿ ಹಿಡಿದು, 1973ರಲ್ಲಿ ಮೊದಲ ಸ್ಟಾಟಿನ್ ಹಿಡಿದರು. ಅದನ್ನ ಕೊಟ್ಟ ನೀಲಿ-ಹಸಿರು ಬೂಷ್ಟು ಸಿಕ್ಕಿದ್ದು ಕ್ಯೋಟೊ ಊರಿನ ಕಾಳಿನ ಅಂಗಡಿಯೊಂದರ ಅಕ್ಕಿಯಲ್ಲಿ. ಮಾರುಕಟ್ಟೆಗೆ ಮೊದಲು ಬಂದದ್ದು 1987ರಲ್ಲಿ, ಲೊವಾಸ್ಟಾಟಿನ್, ಅದು ಬೇರೆ ಬೂಷ್ಟಿನದು. ಹಾಗಂತ ಬೂಷ್ಟು ಹಿಡಿದ ಅಕ್ಕಿ ತಿನ್ನೋಕೆ ಹೋಗಬೇಡ್ರಿ ಮತ್ತೆ!

ಮಾತ್ರೆ ಮಾಡೋದಿಷ್ಟು: ಲಿವರ್ ಒಳಗೆ ಕೊಲೆಸ್ಟ್ರಾಲ್ ತಯಾರಿಕೆಯ ಒಂದು ಹೆಜ್ಜೆಯನ್ನ ತಡೆಯುತ್ತೆ. ಒಳಗೆ ಕೊರತೆ ಆದ ಲಿವರ್ ರಕ್ತದಿಂದ ಎಳ್ಕೊಳ್ಳೋಕೆ ಗೇಟು ಹೆಚ್ಚಿಸುತ್ತೆ. ನಿಲ್ಲಿಸಿದರೆ ಗೇಟು ಮತ್ತೆ ಕಮ್ಮಿ, ಕೆಲವೇ ವಾರದಲ್ಲಿ ನಂಬರ್ ಮೊದಲಿನ ಜಾಗಕ್ಕೇ ಬರುತ್ತೆ. ಚಟ ಹತ್ತಿಸುತ್ತೆ ಅಂತ ಅಲ್ಲ, ಬಿಪಿ ಮಾತ್ರೆಯೂ ಇದೇ ಥರ. ತೊಂದರೆ ಇಲ್ಲವೇ ಇಲ್ಲ ಅಂತಲೂ ಹೇಳಲ್ಲ. ಮೇಷ್ಟ್ರಿಗೆ ಆದಂಥ ಸ್ನಾಯು ನೋವು ಕೆಲವರಿಗೆ ಬರುತ್ತೆ, ಶುಗರ್ ಸ್ವಲ್ಪ ಏರಬಹುದು. ನಿಮ್ಮದು ಈಗಾಗಲೇ 106 ಇರೋದರಿಂದ ಅದನ್ನ ಡಾಕ್ಟರ ಹತ್ತಿರ ಬಾಯಿಬಿಟ್ಟು ಕೇಳ್ರಿ. ಸರದಿ ಉದ್ದ ಇದ್ದರೆ ಇರಲಿ, ನಿಮ್ಮ ದುಡ್ಡು, ನಿಮ್ಮ ಮೈ. ಬೇರೆ ಕಾಯಿಲೆಗೆ ಮಾತ್ರೆ ಬರೆಸಿಕೊಳ್ಳುವಾಗಲೂ ಸ್ಟಾಟಿನ್ ನಡೀತಿದೆ ಅಂತ ಹೇಳಬೇಕು, ಕೆಲವು ಆಂಟಿಬಯಾಟಿಕ್ ಇದರ ಜೊತೆ ಕೂಡಿಬರಲ್ಲ.

ನಿಮಗೆ ಮಾತ್ರೆ ಬರೆದದ್ದು 246 ನೋಡಿ ಮಾತ್ರ ಅಂತ ನನಗನಿಸಲ್ಲ. ತಂದೆಗೆ 55ರೊಳಗೆ ಅಟ್ಯಾಕ್ ಆಗಿದ್ದರೆ ಮಗನ ಲೆಕ್ಕವೇ ಬೇರೆ. ಕಾರ್ಡಿಯಾಲಜಿಕಲ್ ಸೊಸೈಟಿ ಆಫ್ ಇಂಡಿಯಾ 2024ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ ಸಾಮಾನ್ಯ ಜನರಿಗೆ ಎಲ್‌ಡಿಎಲ್ 100ರೊಳಗೆ, ಅಪಾಯ ಹೆಚ್ಚಿರೋರಿಗೆ 70ರೊಳಗೆ ಅಂತ ಇದೆ. 168 ಎಲ್ಲಿ, 70 ಎಲ್ಲಿ. ಊಟ ತಿದ್ದಿ ಅಷ್ಟು ದೂರ ಇಳಿಸೋದು ಕಷ್ಟ. ಲೈಪೊಪ್ರೋಟೀನ್ ಎ ಅಂತ ಎಲ್‌ಡಿಎಲ್ ಥರದ್ದೇ ಇನ್ನೊಂದು ಉಂಡೆ ಇದೆ, ವಂಶದಿಂದ ಬರೋದು, ಮಾಮೂಲಿ ರಿಪೋರ್ಟಿನಲ್ಲಿ ಇರಲ್ಲ. ಜೀವನದಲ್ಲಿ ಒಮ್ಮೆ ನೋಡಿಸಿದರೆ ಸಾಕು, ನಿಮ್ಮ ಮನೆತನಕ್ಕೆ ಅದು ಬೇಕು. ನಿಮ್ಮ ತಮ್ಮನಿಗೂ ರಕ್ತ ಕೊಡೋಕೆ ಹೇಳ್ರಿ, ನಿಮಗಷ್ಟೇ ಜುಲುಮಿ ಮಾಡೋದಲ್ಲ.

ಊಟಕ್ಕೆ ದೂರದ ಓಟ್ಸು ಹುಡುಕಬೇಡ್ರಿ. ರಾತ್ರಿ ಅನ್ನದ ಜಾಗಕ್ಕೆ ಜೋಳದ ರೊಟ್ಟಿ, ಜೊತೆಗೆ ಪುಂಡಿಪಲ್ಲೆ, ಇಲ್ಲ ಮಡಿಕೆ ಕಾಳು, ಹೆಸರು ಕಾಳು. ಕಾಳಿನ ನಾರು ಕರುಳಲ್ಲಿ ಪಿತ್ತರಸದ ಆಮ್ಲವನ್ನ ಹಿಡಿದು ಹೊರಗೆ ಒಯ್ಯುತ್ತೆ, ಅದನ್ನ ಮತ್ತೆ ಮಾಡೋಕೆ ಲಿವರ್ ಕೊಲೆಸ್ಟ್ರಾಲ್ ಖರ್ಚು ಮಾಡಬೇಕಾಗುತ್ತೆ. ಅಗಸಿ ಚಟ್ನಿ, ಗುರೆಳ್ಳು ಚಟ್ನಿ ನಮ್ಮಲ್ಲಿ ಇದ್ದೇ ಇದೆ. ಬೀಡಿ-ಸಿಗರೇಟು ಇದ್ದರೆ ಮೊದಲು ಅದು ಹೋಗಲಿ, ಎಚ್‌ಡಿಎಲ್ ಕುಗ್ಗಿಸೋದರಲ್ಲಿ ಅದು ಮುಂದು. ಎಚ್‌ಡಿಎಲ್ ಏರಿಸೋ ಪುಡಿ, ಮಾತ್ರೆ ಅಂತ ಯಾರಾದರೂ ಮಾರಿದರೆ ತಗೋಬೇಡ್ರಿ. ಹಾಗೆ ಏರಿಸೋ ಟಾರ್ಸೆಟ್ರಾಪಿಬ್ ಅನ್ನೋ ದೊಡ್ಡ ಔಷಧಿ ಪರೀಕ್ಷೆಯಲ್ಲಿ ನಂಬರ್ ಏನೋ ಏರಿತು, ಸಾವೂ ಹೆಚ್ಚಾಯ್ತು, 2006ರಲ್ಲಿ ನಿಲ್ಲಿಸಿಬಿಟ್ಟರು.


ಕಾರಟಗಿ ಲೆಕ್ಕಿಗ:

ತಮ್ಮಗ ಈಗ ಫೋನ್ ಹಚ್ಚಿದ್ದೆ ಅಕ್ಕಾರ, "ನನಗ್ಯಾಕ" ಅಂದ. ನಾನೂ ಜುಲುಮಿ ಮಾಡ್ತೀನಿ ಬಿಡ್ರಿ. ಸೋಮವಾರ ಡಾಕ್ಟ್ರ ಹತ್ರ ಹೊಂಟೀನಿ, ಟಿಎಸ್‌ಎಚ್ ಮತ್ತ ಆ ಲೈಪೊಪ್ರೋಟೀನ್ ಎ ಎರಡೂ ಬರಕೊಂಡೀನಿ. ಕಡೀಗೆ ಎರಡು ಸಣ್ಣ ಸಂಶಯ. ಗವಿಮಠದ ಜಾತ್ರ್ಯಾಗ ಮಿರ್ಚಿ ದಾಸೋಹ ಇರ್ತೈತಲ್ರಿ, ಲಕ್ಷಗಟ್ಟಲೆ ಮಿರ್ಚಿ ಮಾಡ್ತಾರ, ಅದನ್ನೂ ಬಿಡಬೇಕೇನು? ಮತ್ತ ನಮ್ಮ ಹುಡುಗಗ ಹನ್ನೆರಡು ವರ್ಷ. ಅವಂಗೂ ರಕ್ತ ನೋಡಿಸಬೇಕಾ?


ಸೀರಮಕ್ಕ:

ಗವಿಮಠದ ಜಾತ್ರೆ ಮಿರ್ಚಿ ವರ್ಷಕ್ಕೊಮ್ಮೆ, ತಿನ್ರಿ. ನನ್ನ ಜಗಳ ದಿನಾ ಮುಂಜಾನೆಯ ನಾಕು ಮಿರ್ಚಿ ಜೊತೆಗೆ.

ಹುಡುಗನಿಗೆ ಒಮ್ಮೆ ನೋಡಿಸಿ. ಅಜ್ಜನಿಗೆ ಚಿಕ್ಕ ವಯಸ್ಸಿಗೇ ಅಟ್ಯಾಕ್ ಆಗಿದ್ದರೆ ಮೊಮ್ಮಕ್ಕಳಿಗೂ ಒಮ್ಮೆ ಲಿಪಿಡ್ (ನಿಮಗೆ ಮಾಡಿದ ಕೊಲೆಸ್ಟ್ರಾಲ್ ಪರೀಕ್ಷೆಯೇ) ನೋಡೋದು ವಾಡಿಕೆ. ಖಾಲಿ ಹೊಟ್ಟೆಯಲ್ಲಿ ಕರ್ಕೊಂಡು ಹೋಗಿ ಮಗುವನ್ನ ಸುಸ್ತು ಮಾಡಬೇಡ್ರಿ, ಮೊದಲ ಸಲಕ್ಕೆ ಉಪವಾಸ ಬೇಕಾಗಿಲ್ಲ. ಊಟ ಮಾಡಿದ್ದರೆ ಟ್ರೈಗ್ಲಿಸರೈಡ್ ಏರುತ್ತೆ, ಎಲ್‌ಡಿಎಲ್ ಅಷ್ಟೇನೂ ಅಲ್ಲಾಡಲ್ಲ. ರಿಪೋರ್ಟ್ ಬಂದ ಮೇಲೆ ಪಕ್ಕದಲ್ಲಿ ಅಚ್ಚಾಗಿರೋ ಮಿತಿ ನೋಡಿ ನೀವೇ ತೀರ್ಮಾನ ಮಾಡಬೇಡ್ರಿ. ಬಹಳ ಲ್ಯಾಬ್‌ಗಳಲ್ಲಿ ಅಲ್ಲಿರೋದು ದೊಡ್ಡವರ ಲೆಕ್ಕ. ಮಕ್ಕಳಿಗೆ ಒಟ್ಟು 170ರೊಳಗೆ, ಎಲ್‌ಡಿಎಲ್ 110ರೊಳಗೆ ಇರಬೇಕು. ಅದನ್ನ ದಾಟಿದ್ದರೆ ಮಕ್ಕಳ ಡಾಕ್ಟರಿಗೆ ತೋರಿಸಿ, ಅಜ್ಜನಿಗೆ 49ಕ್ಕೆ ಆಗಿತ್ತು ಅನ್ನೋದನ್ನೂ ಹೇಳಿ.